ರಾಗಿ ಹೊಲದ ಮೇಲಿನ ನೀಲಿ ಹಾಳೆ

ಹೋದ ವಾರ ಹೊಸೂರಿನಿಂದ ತಳಿ ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಒಂದು ತಿರುವಿನಲ್ಲಿ ಎದುರು ಬಂದ ಕೋಸಿನ ಟೆಂಪೋಗೆ ದಾರಿ ಬಿಡಲು ಡ್ರೈವರು ಬಸ್ಸು ನಿಲ್ಲಿಸಿದ. ಎಂಜಿನ್ನಿನ ಗಲಾಟೆ ನಿಂತದ್ದೇ ಪಕ್ಕದ ರಾಗಿ ಹೊಲದಿಂದ ಆ ಸದ್ದು ಕೇಳಿಸಿತು. ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದ ಟೇಪು ಗಾಳಿಗೆ ಝುಂಯ್ ಎನ್ನುತ್ತಿತ್ತು. ತೆನೆ ಬಲಿಯುವ ಹೊತ್ತಿಗೆ ಹಕ್ಕಿ ಹೆದರಲಿ ಅಂತ ಈ ಕಡೆ ಎಲ್ಲರೂ ಕಟ್ಟುತ್ತಾರೆ. ಹಕ್ಕಿ ಹೆದರುತ್ತದೋ ಇಲ್ಲವೋ ಗೊತ್ತಿಲ್ಲ, ನಾನಂತೂ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು, ವಾಂತಿ ಬರುತ್ತಿದೆಯಾ ಅಂತ ತಮಿಳಿನಲ್ಲಿ ಕೇಳಿದಳು. ಇಲ್ಲ ಅಂದೆ. ಆ ಡಿಸೆಂಬರನ್ನು ಅವಳಿಗೆ ಹೇಗೆ ವಿವರಿಸಲಿ?

ಆ ವರ್ಷ ನಮ್ಮ ಮನೆಗೆ ಫೋಟೊ ಪ್ರಿಂಟರ್ ಬಂದಿತ್ತು. ಹೊಸೂರಿನಲ್ಲಿ ನಾನು ಕನ್ನಡ ಮಾಧ್ಯಮದ ಶಾಲೆಯ ಟೀಚರ್. ಫೋನಿನ ತುಂಬ ಸಾವಿರಾರು ಚಿತ್ರ ಇಟ್ಟುಕೊಂಡು ಕೈಯಲ್ಲಿ ಹಿಡಿಯಲು ಒಂದೂ ಇಲ್ಲವಲ್ಲ ಎಂಬ ಸಂಕಟ ನನಗೆ ಬಹಳ ದಿನದಿಂದ ಇತ್ತು. ಟಿಫಿನ್ ಕ್ಯಾರಿಯರ್ ಇಡುವಷ್ಟೇ ಜಾಗದಲ್ಲಿ ಕೂರುವ ಬಿಳಿ ಡಬ್ಬ ಅದು. ಡೈ ಸಬ್ಲಿಮೇಶನ್ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಅಂದರೆ ಶಾಯಿ ಇಲ್ಲ. ಒಳಗೆ ಬಣ್ಣದ ರಿಬ್ಬನ್ನಿನ ಸುರುಳಿ ಇರುತ್ತದೆ, ಬಿಸಿ ತಗುಲಿದರೆ ಆ ಬಣ್ಣ ಆವಿಯಾಗಿ ಕಾಗದಕ್ಕೆ ಇಳಿಯುತ್ತದೆ. ಒಂದೊಂದು ಫೋಟೊಗೆ ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಹಳದಿ, ಕೆಂಪು, ನೀಲಿ, ಕೊನೆಗೆ ಬಣ್ಣವಿಲ್ಲದ ಒಂದು ಹೊಳಪಿನ ಪದರ. ಕಾದ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ನಡುಮನೆಯಲ್ಲಿ ಹರಡುತ್ತದೆ. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ನಮ್ಮ ಯಜಮಾನರು ಮೂಗು ಅರಳಿಸಿ, "ಇವತ್ತು ಯಾರ ಮುಖ ಬೇಯಿಸ್ತಿದ್ದೀಯ?" ಅಂತ ರೇಗಿಸುತ್ತಿದ್ದರು.

ಜಂಬವೇ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಫೋಟೊ ಹಾಕಿಕೊಟ್ಟೆ. ಎದುರು ಮನೆಯವರ ಅರ್ಜಿಗೆ, ಹಿಂದಿನ ಬೀದಿಯ ಬಾಣಂತಿಗೆ, ಯಾರು ಕೇಳಿದರೂ ಇಲ್ಲ ಅನ್ನಲಿಲ್ಲ. ಮನೆಯಲ್ಲೇ ಆಗುತ್ತದೆ, ಸ್ಟುಡಿಯೋದವನ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅದರ ದೊಡ್ಡ ಗುಣ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆ ಮಾತು ಕೇಳಿಕೊಂಡೇ ಪದ್ಮ ಬಂದಳು.

ಪದ್ಮ ನನ್ನ ಚಿಕ್ಕಮ್ಮನ ಮಗಳು. ತಳಿ ದಾಟಿ ಜವಳಗಿರಿಯ ದಾರಿಯಲ್ಲಿರುವ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಗಂಡ ಮುನಿರಾಜು. ರಾಗಿ, ಕೋಸು, ಒಂದಿಷ್ಟು ಗುಲಾಬಿ ಬೆಳೆಯುತ್ತಾನೆ. ನಮ್ಮ ಮನೆಗೆ ಬಂದರೆ ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿ ಬಿಡುವ, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ ಮನುಷ್ಯ. ಮನೆಯಲ್ಲಿ ಅವನ ತಾಯಿ ಚಿನ್ನಮ್ಮ ಇದ್ದರು. ತಲೆ ಪೂರ್ತಿ ನೆರೆತಿತ್ತು, ಎಡಗಣ್ಣಿನ ಕೆಳಗೆ ಹುಣಸೆ ಬೀಜದಷ್ಟು ಬಿಳಿ ಕಲೆ. ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿತ್ತಂತೆ ಅಂತ ಪದ್ಮ ಯಾವಾಗಲೋ ಹೇಳಿದ್ದಳು. ಅವರಿಗೆ ಒಬ್ಬಳೇ ಮೊಮ್ಮಗಳು, ಏಳನೇ ಕ್ಲಾಸು.

ಅದೊಂದು ಭಾನುವಾರ ಬೆಳಿಗ್ಗೆ, ಮಗಳ ಬಸ್ ಪಾಸಿಗೆ ಫೋಟೊ ಬೇಕು ಎಂದು ನೆಪ ಹೇಳಿ ಪದ್ಮ ಒಬ್ಬಳೇ ಬಂದಳು. ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದಳು. ಬಾಗಿಲು ಹಾಕಿದ ಮೇಲೆ ತೆಗೆದಳು. ಎಡಗಣ್ಣಿನ ಕೆಳಗೆ ಕೆನ್ನೆ ಊದಿ ಕಪ್ಪಾಗಿತ್ತು.

"ಏನೇ ಇದು?"

"ಕೊಟ್ಟಿಗೆ ತೊಲೆ ತಗುಲ್ತು ಅಂತ ಅತ್ತೆಗೆ ಹೇಳಿದ್ದೀನಿ ಅಕ್ಕ. ನಿಂಗೂ ಅದನ್ನೇ ಹೇಳ್ಲಾ?"

ಅವಳು ಅಳುತ್ತಿರಲಿಲ್ಲ. ಎಲ್ಲ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಹೊಸೂರಿನ ಒಬ್ಬ ಲಾಯರಮ್ಮನ ಹತ್ತಿರ ಮಾತಾಡಿದ್ದಳು. ಫೋಟೊಗಳನ್ನು ಕಾಗದದ ಮೇಲೆ ಹಾಕಿಸಿಕೊಂಡು ಶನಿವಾರ ಬಾ, ಮಹಿಳಾ ಪೊಲೀಸ್ ಠಾಣೆಗೆ ಹೋಗೋಣ ಎಂದಿದ್ದರಂತೆ. ಇವತ್ತೇ ಯಾಕೆ ಬೇಡ ಅಂತ ನಾನು ಕೂಗಾಡಿದೆ.

"ಮಗೂನ ಅಲ್ಲೇ ಬಿಟ್ಟು ಹೆಂಗೆ ಬರ್ಲಿ? ಶುಕ್ರವಾರ ಪರೀಕ್ಷೆ ಮುಗೀತದೆ. ಶನಿವಾರ ಅವಳನ್ನೂ ಕರ್ಕೊಂಡು ಬತ್ತೀನಿ. ಅಲ್ಲೀಗಂಟ ಅವ್ನಿಗೆ ಗೊತ್ತಾಗ್ಬಾರ್ದು, ಅಷ್ಟೇ."

ಯಾಕೆ ಅಷ್ಟು ಹೆದರುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಒಮ್ಮೆ ಅವಳು ಹೊರಡುವ ಸುಳಿವು ಸಿಕ್ಕಿದ್ದೇ ಮುನಿರಾಜು ಮಗುವನ್ನು ಬೇರಿಕೆ ಎಂಬ ಊರಿನ ತನ್ನ ಅಕ್ಕನ ಮನೆಗೆ ಸಾಗಿಸಿಬಿಟ್ಟಿದ್ದ. ಒಂದು ತಿಂಗಳು ಮುಖ ನೋಡಲು ಬಿಡಲಿಲ್ಲ. ಪದ್ಮ ತಾನಾಗಿಯೇ ವಾಪಸ್ಸು ಹೋಗಿ, ತಪ್ಪಾಯಿತು ಅಂದ ಮೇಲೆ ಮಗು ಮನೆಗೆ ಬಂತು.

ಕಿಟಕಿಯ ಬೆಳಕಿಗೆ ನಿಲ್ಲಿಸಿ ನಾಲ್ಕು ಫೋಟೊ ತೆಗೆದೆ. ಮುಖ ನೇರಕ್ಕೆ, ಮುಖ ಪಕ್ಕಕ್ಕೆ, ತೋಳು, ಬೆನ್ನು. ಮೊದಲು ಮಗುವಿನ ಬಸ್ ಪಾಸಿನದು ಹಾಕಿ, ಆಮೇಲೆ ಇವನ್ನು ಹಾಕಲು ಶುರುಮಾಡಿದೆ. ಕಾಗದ ಮೊದಲ ಸಲ ಹೊರಗೆ ಇಣುಕಿದಾಗ ಬರೀ ಹಳದಿ. ಮದುವೆಯ ಅರಿಶಿನಕ್ಕೆ ಕೂತ ದಿನ ಹೇಗಿದ್ದಳೋ ಹಾಗೇ ಕಂಡಳು. ಎರಡನೇ ಸಲಕ್ಕೆ ಕೆಂಪು ಬಂತು, ಕೆನ್ನೆಯ ಮೇಲೆ ಏನೋ ಇದೆ ಅನ್ನಿಸುವಷ್ಟು. ಮೂರನೆಯದು ನೀಲಿ. ಪೆಟ್ಟು ಪೂರ್ತಿ ಕಂಡಿತು. ಪದ್ಮ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಮೊದಲ್ನೇ ಸಲಕ್ಕೇ ನಿಲ್ಸೋಕಾಗಲ್ವಾ ಅಕ್ಕ?" ಅಂದಳು.

ಆಗ ಮಾತ್ರ ನನಗೆ ಅಳು ಬಂತು. ಕೊನೆಯ ಫೋಟೊ ಹೊರಬರುವುದಕ್ಕೂ ರಿಬ್ಬನ್ ಮುಗಿಯುವುದಕ್ಕೂ ಸರಿಹೋಯಿತು. ಫೋಟೊಗಳನ್ನು ನನ್ನ ಹಾಜರಿ ಪುಸ್ತಕದೊಳಗೆ ಇಟ್ಟೆ. ಖಾಲಿಯಾದ ರಿಬ್ಬನ್ ಡಬ್ಬಿಯನ್ನು ಹಳೆಯದೊಂದು ಡಬ್ಬಿ ಇದ್ದ ಚೀಲಕ್ಕೆ ಹಾಕಿದೆ. ಅವಳು ಮಧ್ಯಾಹ್ನದ ಬಸ್ಸಿಗೆ ಹೋದಳು.

ಮಂಗಳವಾರ ಸಂಜೆ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ, ಗೇಟಿನ ಸದ್ದಾಯಿತು. ಮುನಿರಾಜು. ಮಾರ್ಕೆಟ್ಟಿಗೆ ಕೋಸು ಹಾಕಿ ಬಂದಿದ್ದ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಚಪ್ಪಲಿ ಜೋಡಿಸಿಟ್ಟು ಒಳಗೆ ಬಂದ. ಪ್ರಿಂಟರಿನ ಮೇಜಿನ ಪಕ್ಕದ ಕುರ್ಚಿಯಲ್ಲೇ ಕೂತ. ಹಾಜರಿ ಪುಸ್ತಕ ಅದೇ ಮೇಜಿನ ಮೇಲಿತ್ತು.

"ಮಗೀಂದು ಫೋಟೊ ಬೋ ಚೆನ್ನಾಗಿ ಬಂದೈತೆ ಟೀಚರಕ್ಕ. ನಮ್ಮಮ್ಮಂದು ಒಂದು ಆಗ್ಬೇಕಾಗಿತ್ತು, ಪೆನ್ಷನ್ ಅರ್ಜಿಗೆ. ಪದ್ಮನ ಜೊತೆ ಒಂದು ದಿನ ಕಳಿಸ್ಲಾ?"

ರಿಬ್ಬನ್ ಮುಗಿದಿದೆ, ತರಿಸಬೇಕು ಅಂದೆ. ಟೀ ಕೊಟ್ಟೆ. ಅವನು ಒಂದು ಗುಟುಕು ಕುಡಿದು, ಲೋಟವನ್ನು ಆ ಹಾಜರಿ ಪುಸ್ತಕದ ಮೇಲೇ ಇಟ್ಟ. ರಟ್ಟಿನ ಮೇಲೆ ಟೀಯ ಉಂಗುರ ಮೂಡಿತು. ಅಯ್ಯೋ ಪುಸ್ತಕ ಒದ್ದೆಯಾಯಿತಲ್ಲ ಅಂತ ಅವನೇ ಅದನ್ನು ಎತ್ತಿ, ಪಂಚೆಯ ಅಂಚಿನಿಂದ ಒರೆಸಲು ಹೋದ. ನಾನು ಕಸಿದುಕೊಂಡಂತೆ ತೆಗೆದುಕೊಂಡೆ. ಅವನು ನನ್ನ ಮುಖವನ್ನೇ ನೋಡಿದ.

"ಸರ್ಕಾರಿ ದಾಖಲೆ," ಅಂದೆ. ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಅವನ ಕಣ್ಣು ಆಗ ಮೂಲೆಯ ಚೀಲದ ಮೇಲೆ ಬಿತ್ತು. "ಅದೇನು, ಮುಗಿದಿರೋ ರಿಬ್ಬನ್ನಾ? ಬಿಸಾಕೋದಾದ್ರೆ ಕೊಡಿ. ಹಳೇ ಕ್ಯಾಸೆಟ್ ಟೇಪು ಈಗ ಎಲ್ಲೂ ಸಿಗಲ್ಲ. ರಾಗಿಗೆ ಹಕ್ಕಿ ಕಾಟ ಅಂದ್ರೆ ಹೇಳ್ತೀರಲ್ಲ. ಇದು ಒಳ್ಳೆ ಅಗಲ ಐತೆ, ಬಿಸ್ಲಿಗೆ ಚೆನ್ನಾಗಿ ಹೊಳೀತದೆ."

ತೆಗೆದುಕೊಂಡು ಹೋಗಪ್ಪ, ಬೇಗ ಹೋಗು ಅನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು. ಚೀಲ ಎತ್ತಿ ನನ್ನ ಕೈಯಾರೆ ಕೊಟ್ಟೆ. ಗೇಟಿನ ತನಕ ಹೋಗಿ ಕಳಿಸಿಯೂ ಬಂದೆ. ಆ ಅವರೆಕಾಯಿಯನ್ನು ಬಿಡಿಸಲು ಮನಸ್ಸಾಗಲಿಲ್ಲ, ಎದುರು ಮನೆಗೆ ಕೊಟ್ಟುಬಿಟ್ಟೆ.

ಬುಧವಾರ ಹೊಸ ರಿಬ್ಬನ್ ಬಂತು. ನನ್ನ ಕ್ಲಾಸಿನ ಹುಡುಗಿಯೊಬ್ಬಳ ಫೋಟೊ ಹಾಕಬೇಕಿತ್ತು. ಮುದ್ರಣ ಮುಗಿಯಿತು, ಆದರೆ ಡಬ್ಬಿ ಸರಿಯಾಗಿ ಕೂತಿಲ್ಲ ಎಂದು ಪ್ರಿಂಟರ್ ಕೆಂಪು ದೀಪ ಹಾಕಿತು. ಹೊರಗೆ ತೆಗೆದು ನೋಡಿದರೆ ರಿಬ್ಬನ್ ಸಡಿಲವಾಗಿ ಈಚೆಗೆ ಬಂದಿತ್ತು. ಸರಿಮಾಡೋಣ ಅಂತ ಕಿಟಕಿಯ ಕಡೆ ಹಿಡಿದೆ. ನೀಲಿ ಹಾಳೆಯೊಳಗಿಂದ ಆ ಹುಡುಗಿ ನನ್ನನ್ನು ನೋಡುತ್ತಿದ್ದಳು. ಬಣ್ಣ ಎಲ್ಲೆಲ್ಲಿ ಕಾಗದಕ್ಕೆ ಇಳಿದಿತ್ತೋ ಅಲ್ಲೆಲ್ಲ ರಿಬ್ಬನ್ ಖಾಲಿ. ಹಾಗಾಗಿ ಅವಳ ಕಪ್ಪು ಜಡೆ ಬಿಳಿ, ಹಲ್ಲು ಕಡು ನೀಲಿ. ಎಲ್ಲ ತಿರುಗಾಮುರುಗಾ, ಆದರೂ ಇದು ಯಾರು ಎಂದು ಒಂದೇ ನೋಟಕ್ಕೆ ಹೇಳಬಹುದಿತ್ತು.

ಅಷ್ಟು ತಿಂಗಳು ಆ ಯಂತ್ರ ಇಟ್ಟುಕೊಂಡು, ಊರಿಗೆಲ್ಲ ಪಾಠ ಹೇಳಿ, ಇದೊಂದನ್ನು ನಾನು ನೋಡಿರಲಿಲ್ಲ. ಹಾಕಿದ ಪ್ರತಿಯೊಂದು ಫೋಟೊದ ಗುರುತನ್ನೂ ರಿಬ್ಬನ್ ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಅದೂ ಸುರುಳಿಯನ್ನು ಬಿಚ್ಚಿದರೆ ಕೊನೆಗೆ ಹಾಕಿದ್ದೇ ಮೊದಲು ಹೊರಗೆ ಬರುತ್ತದೆ. ಪದ್ಮನ ಬೆನ್ನು, ತೋಳು, ಮುಖ. ಅವಳನ್ನು ಹೊಡೆದವನ ಹೊಲಕ್ಕೆ ಅದನ್ನು ಕಟ್ಟಿಸಲು ಕಳಿಸಿದ್ದು ನಾನು.

ಫೋನ್ ಮಾಡುವ ಹಾಗಿರಲಿಲ್ಲ, ಅವಳ ಫೋನು ಅವನ ಕೈಯಲ್ಲೇ ಇರುತ್ತಿತ್ತು. ಗುರುವಾರ ಮಧ್ಯಾಹ್ನದ ಮೇಲೆ ರಜೆ ಬರೆದುಕೊಟ್ಟು ತಳಿಯ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಜೀಪು. ಹೊಸೂರಿನಲ್ಲಿ ಬಿಸಿಲಿತ್ತು, ತಳಿ ದಾಟುವಾಗ ಸ್ವೆಟರ್ ತರಬೇಕಿತ್ತು ಅನ್ನುವಷ್ಟು ಚಳಿಗಾಳಿ. ಗಾಳಿ ಜೋರಾಗಿ ಬೀಸಿ ಹರಿದುಹೋಗಿರಲಿ, ಬಿಸಿಲಿಗೆ ಬಣ್ಣ ಹೋಗಿರಲಿ ಅಂತ ಕಂಡ ದೇವರಿಗೆಲ್ಲ ಕೈ ಮುಗಿದೆ. ಆನೆಗಳು ಕಾಡಿನಿಂದ ಇಳಿಯುವ ತಿಂಗಳು ಅದು. ಮುನಿರಾಜು ರಾತ್ರಿಯೆಲ್ಲ ಕಾವಲಿದ್ದು ಸಂಜೆಯ ತನಕ ಮಲಗುತ್ತಾನೆ ಅಂತ ಪದ್ಮ ಹೇಳಿದ್ದಳು. ಅದೊಂದೇ ಧೈರ್ಯ.

ಹೊಲ ದೂರಕ್ಕೇ ಕಾಣಿಸಿತು. ಇಡೀ ತಳಿ ಸೀಮೆಯಲ್ಲಿ ಅಷ್ಟು ಚಂದದ ಟೇಪು ಇನ್ನಾರೂ ಕಟ್ಟಿರಲಿಲ್ಲ. ಅಂಗೈಯಷ್ಟು ಅಗಲ, ಹಳದಿ, ಕೆಂಪು, ನೀಲಿ ಸಾಲಾಗಿ ಹೊಳೆಯುತ್ತ ಝುಂಯ್ ಎನ್ನುತ್ತಿದ್ದವು. ಬದುವಿನ ಮೇಲೆ ನಡೆಯುತ್ತ ಒಂದೊಂದೇ ನೋಡಿದೆ. ನನ್ನ ಮೂರನೇ ಕ್ಲಾಸಿನವರು, ಹಿಂದಿನ ಬೀದಿಯ ಬಾಣಂತಿ, ಎಲ್ಲರೂ ಬಿಳಿಗೂದಲು ಬಿಟ್ಟುಕೊಂಡು ರಾಗಿ ಕಾಯುತ್ತಿದ್ದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಹೊಲದೊಳಗೆ ಇಳಿಯುವ ಜಾಗದ ಹತ್ತಿರ ಬಂದಾಗ ಪದ್ಮನ ಬೆನ್ನು ಸಿಕ್ಕಿತು. ಆಮೇಲೆ ತೋಳು, ಯಾರದೆಂದು ಬೇರೆಯವರಿಗೆ ಗುರುತು ಸಿಗದಂಥವು. ಅದರ ಮುಂದೆ ಮುಖ ಇರಬೇಕಾಗಿತ್ತು. ಇರಲಿಲ್ಲ. ಎರಡು ಮೊಳದಷ್ಟು ಯಾರೋ ನೀಟಾಗಿ ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಗಂಟು ಹಾಕಿದ್ದರು.

ಅವನು ನೋಡಿದ್ದಾನೆ ಅಂದುಕೊಂಡೆ. ಮಗು ಆಗಲೇ ಬೇರಿಕೆಗೆ ಹೋಗಿದೆ, ನಾಳಿನ ಪರೀಕ್ಷೆಯೂ ಇಲ್ಲ, ಶನಿವಾರವೂ ಇಲ್ಲ. ಬದುವಿನ ಮೇಲೆ ಕೂತುಬಿಟ್ಟೆ.

"ಯಾರಮ್ಮ ಅದು, ಟೀಚರಮ್ಮನಾ? ಹೊಲದಾಗೆ ಏನು ಹುಡುಕ್ತಿದ್ದೀಯಾ?"

ಕಾವಲಿನ ಅಟ್ಟಣೆಯ ನೆರಳಿನಲ್ಲಿ ಚಿನ್ನಮ್ಮ ಕೂತಿದ್ದರು. ಹಗಲು ಹಕ್ಕಿ ಕಾಯುವುದು ಅವರ ಕೆಲಸ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಸುಳ್ಳನ್ನು ಹೇಳಿದೆ. "ನಿಮ್ಮನ್ನೇ ನೋಡೋಕೆ ಬಂದೆ ಅಮ್ಮ. ಪೆನ್ಷನ್ ಅರ್ಜಿಗೆ ಫೋಟೊ ಬೇಕಂತಲ್ಲ, ತೆಗೆದುಕೊಂಡು ಹೋಗೋಣ ಅಂತ."

"ಇನ್ನೊಂದು ಯಾಕೆ? ಆಗ್ಲೇ ಒಂದು ತೆಗ್ದಿದ್ದೀಯಲ್ಲ."

ಎಲೆ ಅಡಿಕೆಯ ಚೀಲದಿಂದ ಮಡಿಸಿದ ರಿಬ್ಬನ್ ತೆಗೆದು ಬಿಚ್ಚಿ, ನೀಲಿ ಹಾಳೆಯನ್ನು ಆಕಾಶಕ್ಕೆ ಹಿಡಿದರು. "ಯಾವಾಗ ತೆಗ್ದೆ ಇದನ್ನ? ನಂಗೆ ಗೊತ್ತೇ ಆಗ್ಲಿಲ್ಲ. ಟೇಪು ಕಟ್ಟೋವಾಗ ಕಂಡು ಬೆಚ್ಚಿಬಿದ್ದೆ. ತಲೆಯೆಲ್ಲ ಬೆಳ್ಳಗೆ, ಕಣ್ಣಿನ ಕೆಳಗೆ ಈ ಕಲೆ, ಎಲ್ಲ ಹಂಗಂಗೇ ಬಂದೈತೆ. ಗಾಳಿಗೆ ಹರಿದೋಯ್ತದೆ ಅಂತ ಕುಯ್ದು ಇಟ್ಕಂಡೆ. ಜೀವಮಾನದಾಗೆ ನಂದು ಅಂತ ಒಂದು ಫೋಟೊ ಇರ್ಲಿಲ್ಲ ಕಣಮ್ಮ."

ಆಮೇಲೆ ಹಾಳೆಯನ್ನೇ ನೋಡುತ್ತ ಹೇಳಿದರು. "ಕುಡುಗೋಲು ತಗುಲ್ತು ಅಂತ ಊರಿಗೆಲ್ಲ ನಾನೇ ಹೇಳಿದ್ದು. ಕುಡುಗೋಲಲ್ಲ. ಮುನಿರಾಜನ ಅಪ್ಪ ಕಂಚಿನ ಲೋಟದಾಗೆ ಗುದ್ದಿದ್ದು. ಆಗ ನಂಗೆ ಇಪ್ಪತ್ತು ತುಂಬಿರ್ಲಿಲ್ಲ. ನಿನ್ ಮೆಷಿನ್ನಿಗೆ ಅದು ಹೆಂಗೆ ಗೊತ್ತಾಯ್ತು?"

ಹೌದಮ್ಮ, ನಿಮ್ಮದೇ ಫೋಟೊ, ಕೊಡಿ ಚೆನ್ನಾಗಿ ಮಾಡಿಕೊಂಡು ಬರುತ್ತೇನೆ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಹಾಳೆ ನನ್ನ ಕೈ ಸೇರುತ್ತಿತ್ತು, ಶನಿವಾರ ಉಳಿಯುತ್ತಿತ್ತು. ಹೇಳಲೆಂದೇ ಬಾಯಿ ತೆರೆದೆ. ಅವರು ಆ ಹಾಳೆಯನ್ನು ಹಿಡಿದುಕೊಂಡ ರೀತಿ ನೋಡಿ ನನ್ನ ಕೈಲಾಗಲಿಲ್ಲ.

"ಅಮ್ಮ, ಅದು ನೀವಲ್ಲ. ಪದ್ಮ."

"ಕೂದ್ಲು ಬೆಳ್ಳಗೈತಲ್ಲ?"

"ಅದರಲ್ಲಿ ಎಲ್ಲ ತಿರುಗಿ ಬರುತ್ತಮ್ಮ. ಕಪ್ಪು ಕೂದಲು ಬೆಳ್ಳಗೆ. ಪೆಟ್ಟು ಬಿದ್ದು ಕಪ್ಪಾದ ಜಾಗವೂ ಬೆಳ್ಳಗೆ."

ಚಿನ್ನಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ಕೊಟ್ಟಿಗೆ ತೊಲೆ ತಗುಲ್ತು ಅಂದ್ಲು ನನ್ ಹತ್ರ."

"ನೀವೂ ಕುಡುಗೋಲು ಅಂದಿದ್ದಿರಿ."

ಅಂದುಬಿಟ್ಟೆ. ಅಂದ ಮೇಲೆ, ಇವರು ಅವನನ್ನು ಹೆತ್ತ ತಾಯಿ ಎಂಬುದು ನೆನಪಾಯಿತು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಓ, ಟೀಚರಕ್ಕ! ಇಷ್ಟು ದೂರ?" ಮುನಿರಾಜು ನಿದ್ದೆಗಣ್ಣಿನಲ್ಲಿ ಟವೆಲು ಹೊದ್ದುಕೊಂಡು ಬದುವಿನ ಮೇಲೆ ಬರುತ್ತಿದ್ದ. ಅಮ್ಮನ ಫೋಟೊ ತೆಗೆಯಲು ಬಂದೆ ಅಂದೆ. ಅವನು ನಕ್ಕ. ನೋಟ ತಾಯಿಯ ಕೈಯ ಮೇಲೆ ನಿಂತಿತು.

"ಏನಮ್ಮ ಅದು ಕೈಯಾಗೆ, ನೀಲಿದು?"

ಚಿನ್ನಮ್ಮ ಮಗನ ಮುಖವನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಟೇಪಿನ ಸದ್ದೊಂದೇ ನನ್ನ ಕಿವಿಯಲ್ಲಿ ತುಂಬಿಕೊಂಡಿತ್ತು. ಆಮೇಲೆ ಹಾಳೆಯನ್ನು ನಿಧಾನವಾಗಿ ಮಡಿಸಿ ಚೀಲಕ್ಕೆ ತುರುಕಿದರು.

"ಹೊಗೆಸೊಪ್ಪಿನ ಕವರು ಕಣ್ಲಾ. ಹೋಗಿ ಮೊಕ ತೊಳ್ಕೊ." ನನ್ನ ಕಡೆ ತಿರುಗಿ, "ನೀನು ಹೊರಡಮ್ಮ, ಜೀಪು ಹೋಗ್ಬುಡ್ತದೆ," ಅಂದರು. ನನ್ನ ಕಣ್ಣು ಅವರ ಕಣ್ಣನ್ನು ಹುಡುಕಿತು, ಅವರು ಕಲ್ಲು ಎತ್ತಿ ಹಕ್ಕಿಗೆ ಬೀಸಿದರು.

ಶುಕ್ರವಾರ ನಾನು ಹೇಗೆ ಪಾಠ ಮಾಡಿದೆನೋ ತಿಳಿಯದು. ಮಗ್ಗಿಯನ್ನು ತಪ್ಪು ಬರೆದು ಮಕ್ಕಳಿಂದ ತಿದ್ದಿಸಿಕೊಂಡೆ. ಆ ಹಾಳೆ ಇನ್ನೂ ಮುದುಕಿಯ ಚೀಲದಲ್ಲಿತ್ತು. ಅವರು ಮಗನ ಕಡೆಯೋ ಸೊಸೆಯ ಕಡೆಯೋ ನನಗೆ ಗೊತ್ತಿರಲಿಲ್ಲ. ಅವನ ಎದುರು ಬಚ್ಚಿಟ್ಟರು ನಿಜ. ನಾನು ಬಂದ ಮೇಲೆ ತಾಯಿ ಮಗ ಕೂತು ಮಾತಾಡಿರಲಾರರೇ? ಅವರಿಗೆ ನಿಜ ಹೇಳಿದ್ದಕ್ಕೆ ನನ್ನನ್ನು ನಾನೇ ಶಪಿಸಿಕೊಂಡೆ. ಪ್ರಿಂಟರಿನ ಮೇಲೆ ಬಟ್ಟೆ ಮುಚ್ಚಿದೆ, ಅದರ ಮುಖ ನೋಡಲೂ ಆಗುತ್ತಿರಲಿಲ್ಲ.

ಶನಿವಾರ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ತಳಿಯ ಮೊದಲ ಬಸ್ಸಿನಲ್ಲಿ ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಬಂದು ಎಲ್ಲರೂ ಇಳಿದ ಮೇಲೆ, ಶಾಲೆಯ ಚೀಲ ಹೊತ್ತ ಮಗು ಬಾಗಿಲಲ್ಲಿ ಕಾಣಿಸಿತು. ಹಿಂದೆ ಪದ್ಮ. ನನ್ನ ಜೀವ ವಾಪಸ್ಸು ಬಂತು ಅಂದುಕೊಳ್ಳುವಷ್ಟರಲ್ಲಿ ಅವಳ ಹಿಂದೆ ಕಂಬಿ ಹಿಡಿದುಕೊಂಡು ಚಿನ್ನಮ್ಮ ಇಳಿದರು.

"ಅತ್ತೇನೇ ಬಸ್ ಹತ್ತಿಸಿದ್ರು ಅಕ್ಕ," ಪದ್ಮ ಪಿಸುಗುಟ್ಟಿದಳು. "ಪೆನ್ಷನ್ ಫೋಟೊಗೆ ಹೋಯ್ತೀವಿ, ಮಗೂನೂ ಬರ್ಲಿ ಅಂತ ಅವ್ರೇ ಅವ್ನಿಗೆ ಹೇಳಿದ್ರು. ದಾರಿಯುದ್ದ ನನ್ ಕೈ ಬಿಡ್ಲಿಲ್ಲ."

ಠಾಣೆಯಲ್ಲಿ ಲಾಯರಮ್ಮ ನಮಗಿಂತ ಮೊದಲೇ ಬಂದಿದ್ದರು. ಬರೆದುಕೊಳ್ಳಲು ಕೂತಿದ್ದ ಪೊಲೀಸ್ ಅಧಿಕಾರಿ ವಯಸ್ಸಿನಲ್ಲಿ ಪದ್ಮನಿಗಿಂತ ಚಿಕ್ಕವರು, ತಮಿಳು ಮಾತ್ರ ಬಲ್ಲವರು. ನಾನು ಹಾಜರಿ ಪುಸ್ತಕದಿಂದ ನಾಲ್ಕು ಫೋಟೊ ತೆಗೆದು ಮೇಜಿನ ಮೇಲೆ ಜೋಡಿಸಿದೆ. ಚಿನ್ನಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿ, ನೀಲಿ ಹಾಳೆಯನ್ನು ಅಂಗೈಯಿಂದ ತೀಡಿ, ಆ ನಾಲ್ಕರ ಮೇಲೆ ಇಟ್ಟರು.

"ನಾನು ಅವನ ತಾಯಿ," ಅಂದರು. "ಅವತ್ತು ಪಡಸಾಲೇಲೇ ಇದ್ದೆ. ಕೇಳಿಸ್ತು. ಎದ್ದು ಹೋಗ್ಲಿಲ್ಲ. ಅದನ್ನೂ ಬರ್ಕೊ."

ನಾನು ತಮಿಳಿನಲ್ಲಿ ಹೇಳಿದೆ. ಅಧಿಕಾರಿ ಬರೆದುಕೊಂಡು, ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅದನ್ನೊಮ್ಮೆ ನೋಡಿದರು, ಪದ್ಮನ ಕೆನ್ನೆ ನೋಡಿದರು, ಆಮೇಲೆ ಚಿನ್ನಮ್ಮನ ಕಣ್ಣಿನ ಕೆಳಗಿನ ಕಲೆ ನೋಡಿದರು.

"ಇದು ಯಾರು ಪಾಟಿ?"

ತಮಿಳಾದರೂ, ಯಾರು ಅಜ್ಜಿ ಅನ್ನುವಷ್ಟು ಚಿನ್ನಮ್ಮನಿಗೆ ಅರ್ಥವಾಯಿತು. ಸೊಸೆಯ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ನಾವಿಬ್ರೂ. ಹಂಗೇ ಬರ್ಕೊ."

ಅಧಿಕಾರಿ ನನ್ನ ಕಡೆ ನೋಡಿದರು. ಇಬ್ಬರೂ ಅಂತೆ ಎಂದು ನಾನು ತಮಿಳಿನಲ್ಲಿ ಹೇಳಿದೆ. ಅವರು ಬರೆದುಕೊಂಡರು.